ಗೋಡೆಯಾಚೆಯ ಲೆಕ್ಕ

"ಈ ಎರಡನೇ ಹುಡುಗಿ ಯಾರ ಮಗಳಮ್ಮಾ?"

ಶಿಕ್ಷಣ ಇಲಾಖೆಯ ಅಧಿಕಾರಿ ಹಾಗೆ ಕೇಳಿದಾಗ ಹೊಲಿಗೆಯಾಕೆಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಆ ಕಡೆ ಈ ಕಡೆ ಇಬ್ಬರು ಹುಡುಗಿಯರು ಕೂತಿದ್ದರು. ಒಬ್ಬಳು ಅವಳ ಮಗಳು. ಇನ್ನೊಬ್ಬಳು ಪಕ್ಕದ ಮನೆಯ ಲೆಕ್ಕದಕ್ಕನ ಮಗಳು. ಗೋದಾಮಿನಲ್ಲಿ ಲೆಕ್ಕ ಬರೆದು ಆ ಹೆಸರು ಗಳಿಸಿದ್ದ ಅಕ್ಕ ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು.

"ಪಕ್ಕದ್ಮನೆ ಮಗು ಸಾರ್. ಇಬ್ಬರಿಗೂ ಲೆಕ್ಕ ಅಕ್ಕ ಹೇಳ್ಕೊಡ್ತಾರೆ, ಭಾಷೆ ನಾನು."

"ಅಲ್ಲೇ ಎಡವಟ್ಟಾಗಿರೋದು." ಅಧಿಕಾರಿ ಕೆಟ್ಟವರೇನಲ್ಲ, ನಿಯಮವನ್ನು ಅಂಗಿಯ ಹಾಗೆ ಕತ್ತಿನ ಗುಂಡಿವರೆಗೂ ಹಾಕಿಕೊಳ್ಳುವವರು, ಅಷ್ಟೆ. "ಹೋಂ ಸ್ಕೂಲಿಂಗ್ ಅಂದ್ರೆ ಕಾನೂನಲ್ಲಿ ಒಂದೇ ಅರ್ಥ. ಹೆತ್ತವರು, ತಮ್ಮ ಮಗೂಗೆ, ತಮ್ಮ ಮನೇಲಿ ಕಲಿಸೋದು. ಎರಡು ಮನೆ ಮಕ್ಕಳು ಒಂದ್ಕಡೆ ಕೂತ್ರೆ ಅದು ಶಾಲೆ. ಶಾಲೆ ಅಂದ್ಮೇಲೆ ಪರವಾನಗಿ ಬೇಕು, ಆಟದ ಮೈದಾನ ಬೇಕು."

"ಮೈದಾನಾನಾ? ಇಲ್ಲಿ ಬಟ್ಟೆ ಒಣಗ್ಹಾಕೋಕೇ ಜಾಗ ಇಲ್ಲ," ಎಂದಳು ಲೆಕ್ಕದಕ್ಕ.

"ಮುಂದಿನ ತಿಂಗಳು ಬರ್ತೀನಿ. ಆಗ್ಲೂ ಹೀಗೇ ಇದ್ರೆ ಇಬ್ಬರ ಅನುಮತೀನೂ ರದ್ದು. ಮಕ್ಕಳು ಶಾಲೆಗೆ ಹೋಗ್ಲೇಬೇಕಾಗುತ್ತೆ."

ಹೊಲಿಗೆಯಾಕೆಯ ಮಗಳಿಗೆ ಮೂರ್ಛೆ ರೋಗ. ಶಾಲೆಯಲ್ಲಿ ಬಿದ್ದಾಗ ನಾಟಕ ಮಾಡುತ್ತಿದ್ದಾಳೆಂದು ಮಕ್ಕಳು ಸುತ್ತ ನಿಂತು ನಕ್ಕಿದ್ದರು. ಹಣೆ ಒಡೆದು ರಕ್ತ ಬಂದ ಮೇಲಷ್ಟೇ ಟೀಚರನ್ನು ಕೂಗಿದ್ದರು. ಮತ್ತೆ ಅಲ್ಲಿಗೆ ಕಳಿಸುವ ಮಾತೇ ಇಲ್ಲ. ಹಾಗೆಂದು ಒಬ್ಬಳೇ ಕಲಿಸೋಣವೆಂದರೆ ತನಗೇ ಲೆಕ್ಕ ಕಬ್ಬಿಣದ ಕಡಲೆ. ವರ್ಷದ ಪರೀಕ್ಷೆಯಲ್ಲಿ ಮಗಳಿಗೆ ಲೆಕ್ಕ ಕೈಕೊಟ್ಟರೂ ಅನುಮತಿ ಹೋಗುತ್ತದೆ.

ಅಧಿಕಾರಿ ಹೋದ ಮೇಲೆ ಲೆಕ್ಕದಕ್ಕ ತಲೆ ಮೇಲೆ ಕೈಹೊತ್ತು ಕೂತಳು. "ಮುಗೀತು ಕಣೇ."

"ಏನೂ ಮುಗೀಲಿಲ್ಲ." ಹೊಲಿಗೆಯಾಕೆ ಗೋಡೆಯನ್ನೇ ನೋಡುತ್ತಿದ್ದಳು. "ಇದರಾಚೆ ನಿಮ್ಮನೆ ನಡುಕೋಣೆ ಅಲ್ವಾ ಅಕ್ಕ? ನಮ್ಮಣ್ಣ ಗಾರೆ ಕೆಲಸದವನು. ಬರೋಕೆ ಹೇಳ್ತೀನಿ."

ಮುಂದಿನ ತಿಂಗಳು ಅಧಿಕಾರಿ ಬಂದಾಗ ಮೇಜಿನ ಮುಂದೆ ಒಂದೇ ಮಗು, ಪಕ್ಕದಲ್ಲಿ ಹೊಲಿಗೆ ಮಿಷನ್ ಮುಂದೆ ಅದರ ತಾಯಿ. ಅಧಿಕಾರಿಯ ಮುಖದಲ್ಲಿ ಸಮಾಧಾನ ಮೂಡುವಷ್ಟರಲ್ಲಿ ಗೋಡೆಯೊಳಗಿಂದ ದನಿ ಬಂತು: "ಮುಕ್ಕಾಲಿಂದ ಅರ್ಧ ಕಳೆದ್ರೆ ಎಷ್ಟು?"

ಗೋಡೆಯಲ್ಲಿ ಹೊಸ ಕಿಟಕಿ. ಸುತ್ತಲಿನ ಸಿಮೆಂಟಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಆಚೆ ಕಪ್ಪು ಹಲಗೆ, ಲೆಕ್ಕದಕ್ಕ, ಅವಳ ಮಗಳ ಜಡೆ.

"ಇದೇನಮ್ಮಾ ಇದು?"

"ಕಿಟಕಿ ಸಾರ್. ಗಾಳಿ ಬರ್ಲಿ ಅಂತ."

"ಗಾಳಿ ಜೊತೆ ಲೆಕ್ಕಾನೂ ಬರ್ತಿದೆಯಲ್ಲ!"

"ಅವ್ರು ಅವ್ರ ಮನೇಲಿ ಅವ್ರ ಮಗಳಿಗೆ ಹೇಳ್ತಿದಾರೆ. ನನ್ನ ಮಗಳು ನನ್ನ ಮನೇಲಿ, ನನ್ನ ಪಕ್ಕದಲ್ಲೇ ಕೂತಿದಾಳೆ. ಕಿವಿ ಮುಚ್ಕೊಂಡು ಕೂರ್ಬೇಕು ಅಂತ ಕಾನೂನಲ್ಲಿದ್ರೆ ತೋರ್ಸಿ, ಮುಚ್ಚಿಸ್ತೀನಿ."

ಅಧಿಕಾರಿ ನಿಯಮದ ಪುಸ್ತಕವನ್ನು ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ ತಿರುವಿದರು. ಮೈದಾನ ಇತ್ತು, ಶೌಚಾಲಯ ಇತ್ತು, ಬೆಂಕಿ ಆರಿಸುವ ಬಕೆಟ್ ಕೂಡ ಇತ್ತು. ನಿಯಮ ಬರೆದವರು ಪಕ್ಕದ ಮನೆಯ ಕಿಟಕಿಯನ್ನು ಕನಸಿನಲ್ಲೂ ನೆನೆದಿರಲಿಲ್ಲ.

"ಇದನ್ನ ಮುಚ್ಚಿ ಅಂತ ನಾನು ಬರೆದ್ರೆ?"

ಹೊಲಿಗೆಯಾಕೆ ದಾರವನ್ನು ಹಲ್ಲಿನಲ್ಲಿ ಕಡಿದಳು.

"ಮುಚ್ಚಲ್ಲ ಸಾರ್. ಪೂರ್ತಿ ಗೋಡೇನೇ ಕೆಡವ್ತೀವಿ. ಅಣ್ಣನ ಸುತ್ತಿಗೆ ಇಲ್ಲೇ ಇದೆ. ಆಮೇಲೆ ಇದು ಒಂದೇ ಮನೆ. ಒಂದೇ ಮನೆ ಮಕ್ಕಳು ಒಟ್ಟಿಗೆ ಕೂತ್ರೆ ಅದಕ್ಕೆ ಯಾವ ಮೈದಾನ ಕೇಳ್ತೀರೋ ನೋಡೋಣ."

ಅಧಿಕಾರಿ ಪುಸ್ತಕ ಮಡಚಿಟ್ಟರು. ಎದ್ದು ಹೋಗಿ, ಕಿಟಕಿಗೆ ಎರಡೂ ಕೈ ಊರಿ ಆಚೆ ಬಗ್ಗಿ ನೋಡಿದರು.

"ಯಾರ್ರೀ ಅದು ಹಲಗೆಗೆ ಅಡ್ಡ ನಿಂತಿರೋದು?" ಲೆಕ್ಕದಕ್ಕನ ದನಿ ಗದರಿತು. "ಆ ಮಗೂಗೆ ಕಾಣ್ಬೇಡ್ವಾ? ಸರೀರಿ ಆಚೆ!"

ಅಧಿಕಾರಿ ಗಡಬಡಿಸಿ ಪಕ್ಕಕ್ಕೆ ಸರಿದರು.