ಮೂಲೆ ತುಂಬದ ರಂಗೋಲಿ

ಕವಿತಳ ಬಾಗಿಲಲ್ಲಿ ಬೆಳಕಿನ ರಂಗೋಲಿ ಅರಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಒಬ್ಬರಲ್ಲವೇ?

ಚಿನ್ನದ ಗಣಿಯ ಸಾಲುಮನೆಗಳ ಊರಿಗಾಂ ಲೈನಿನ ರಾಧಾಮಣಿ ಮಾತ್ರ ತಟ್ಟಲಿಲ್ಲ. ಎದುರು ಮನೆಯ ಕವಿತಳಿಗೂ ಅವಳಿಗೂ ಬೆಳಗಾದರೆ ರಂಗೋಲಿಯಲ್ಲೇ ಪೈಪೋಟಿ. ಹಿಂದೊಮ್ಮೆ ರಾಧಾಮಣಿ ಜ್ವರದಿಂದ ಮಲಗಿ, ಬಾಗಿಲು ರಂಗೋಲಿಯಿಲ್ಲದೆ ಬರಿದಾಗಿದ್ದನ್ನು ಕಂಡು ಗಂಜಿ ಹಿಡಿದು ಓಡಿಬಂದವಳೂ ಕವಿತಳೇ. ಅಂಥವಳು ಈಗ ರಂಗೋಲಿ ಪುಡಿ ಮುಟ್ಟುವುದಿಲ್ಲ, ಹೊರಗೂ ಬರುವುದಿಲ್ಲ. ಅವಳ ಗಂಡ ಮುನೀಂದ್ರ ಬಂಗಾರಪೇಟೆಯ ಛತ್ರಗಳಿಗೆ ಲೈಟಿಂಗ್ ಮಾಡುವವನು. ಮನೆಯ ಸೂರಿಗೆ ಪ್ರೊಜೆಕ್ಟರ್ ಕಟ್ಟಿದ್ದ. ನಸುಕಿನಲ್ಲೇ ನೆಲದ ಮೇಲೆ ರಂಗೋಲಿ ಹೊಳೆಯುತ್ತಿತ್ತು. ಕಾಲಿಟ್ಟರೆ ಎಳೆಗಳು ಸರಿಯುತ್ತಿದ್ದವು, ತೆಗೆದರೆ ಮತ್ತೆ ಕೂಡುತ್ತಿದ್ದವು.

"ಎಂಗೈತೆ ಅಕ್ಕ? ಕವಿತ ಬಿಡ್ಸಿದ್ದೇ. ಫೋಟೋ ತಗ್ದು ಕಂಪ್ಯೂಟರಿಗೆ ಆಕಿದ್ದೀನಿ."

"ಒಂದು ಮೂಲೆ ಅರ್ಧಕ್ಕೇ ನಿಂತೈತಲ್ಲಪ್ಪ! ಮಾರಾಣಿಗೆ ಅದನ್ನ ತುಂಬಕ್ಕೂ ಪುರುಸೊತ್ತಿಲ್ವಾ?"

"ಅದೇ ಸ್ಟೈಲು ಅಕ್ಕ," ಎಂದು ಮುನೀಂದ್ರ ನಕ್ಕ.

ಸಂಕ್ರಾಂತಿಯ ಸಂಜೆ ಲೈನಿನ ಸಂಘದವರು ರಂಗೋಲಿ ಸ್ಪರ್ಧೆಯ ಮೊದಲ ಬಹುಮಾನವನ್ನು ಅದಕ್ಕೇ ಕೊಟ್ಟರು. ಶಾಲು ಹೊದ್ದವನು ಮುನೀಂದ್ರ. "ಅವ್ಳಿಗೆ ನಾಚ್ಕೆ, ಬರಲ್ಲಂತೆ," ಎಂದ.

ರಾಧಾಮಣಿಯ ಮೈ ಉರಿಯಿತು. ಸೊಂಟ ಬಗ್ಗಿಸಿ ಎಳೆ ಎಳೆದವರು ಸೋತು, ಗುಂಡಿ ಒತ್ತಿದವರು ಗೆಲ್ಲುವುದು ಯಾವ ನ್ಯಾಯ? ಮರುದಿನ ನಸುಕಿನಲ್ಲಿ ಸಗಣಿ ನೀರಿನ ಬಕೆಟ್ಟನ್ನು ಆ ರಂಗೋಲಿಯ ಮೇಲೆ ಸುರಿದಳು. ಸಗಣಿಯ ಮೇಲೂ ಅದು ಹಾಗೆಯೇ ಹೊಳೆಯಿತು, ಅದೇ ಮೂಲೆ ಅರ್ಧಕ್ಕೆ ನಿಂತು.

"ಏಯ್ ಕವಿತಾ! ಒರಗ್ ಬಾರೇ! ಲೈಟ್ ಆಕಿ ಗೆದ್ದೆ ಅಂತ ಕೊಬ್ಬಾ?"

ಮುನೀಂದ್ರ ಛತ್ರದಲ್ಲಿ ಮದುವೆ ಮುಹೂರ್ತದ ಕೆಲಸಕ್ಕೆ ಹೋಗಿದ್ದ. ಬಾಗಿಲಿಗೆ ಬೀಗವಿತ್ತು. ಆದರೂ ಒಳಗಿನಿಂದ ಯಾರೋ ಬಾಗಿಲನ್ನು ಕಾಲಿನಿಂದ ಒದ್ದ ಸದ್ದು ಕೇಳಿತು.

ರಾಧಾಮಣಿ ಒರಳುಗುಂಡು ತಂದು ಬೀಗ ಒಡೆದಳು. ಹೊಸ್ತಿಲ ಬಳಿ ಬಿದ್ದಿದ್ದ ಕವಿತಳ ಬಾಯಿಗೆ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿದಳು. ಎರಡೂ ಮಣಿಕಟ್ಟುಗಳು ಊದಿ ಕಪ್ಪಾಗಿದ್ದವು.

"ಆ ಮೂಲೆ ತುಂಬ್ತಿದ್ದಾಗ್ಲೇ ಒಳೀಕ್ ಎಳ್ಕಂಡೋಗಿ ಕೈ ಮುರ್ದ, ಅಕ್ಕ. ಬಾಗ್ಲು ಬರಿದಾಗಿದ್ರೆ ನೀನು ಬತ್ತೀಯ ಅಂತ ಅವ್ನಿಗೆ ಗೊತ್ತಿತ್ತು. ಅದಕ್ಕೇ ಈ ಲೈಟ್ ಆಕ್ದ."

ನಿಮ್ಮ ಬೀದಿಯಲ್ಲಿ ಇಂಥ ರಂಗೋಲಿ ಹೊಳೆದರೆ ಚಪ್ಪಾಳೆ ನಿಲ್ಲಿಸಿ. ಅದನ್ನು ದಾಟಿ ಹೋಗಿ, ಬಾಗಿಲು ತಟ್ಟಿ.