ದಿನಕ್ಕೆ ಒಂದೂವರೆ ಗಂಟೆ

ಮೇಲ್, ಕ್ಯಾಲೆಂಡರ್ ಎರಡೂ ಒಂದರಲ್ಲೇ ಇರುವ ಹೊಸ ಸಾಫ್ಟ್‌ವೇರನ್ನು ಇಡೀ ಆಫೀಸಿಗೆ ಹಾಕಿಸುವ ಮುಂಚೆ ಒಬ್ಬರು ಬಳಸಿ ನೋಡಲಿ ಎಂದು ಮ್ಯಾನೇಜರ್ ಅದನ್ನು ಹೆಡ್‌ಕ್ಲರ್ಕ್ ಕಾತ್ಯಾಯಿನಿಗೆ ಕೊಟ್ಟಿದ್ದರು. ವಾರ ಕಳೆದು ಬಂದು ನೋಡಿದರೆ ಆಕೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಪಟ್ಟಿ, ಪ್ರತಿಯೊಂದೂ ಒಂದೂವರೆ ಗಂಟೆಯದು.

"ಮೀಟಿಂಗ್ ಕರೆದಾಗಲೆಲ್ಲ ನಿಮಗೆ ಬಿಡುವಿಲ್ಲ ಅಂತ ತೋರಿಸ್ತಿತ್ತು. ದಿನಾ ಯಾರನ್ನ ಭೇಟಿ ಮಾಡ್ತೀರಿ?"

"ಯಾರನ್ನೂ ಇಲ್ಲ ಸರ್. ಗೋಡೆ ಕ್ಯಾಲೆಂಡರಿನಲ್ಲಿ ರಾಹುಕಾಲ ಇರತ್ತೆ, ಇದರಲ್ಲಿ ಇರಲಿಲ್ಲ. ನಾನೇ ತುಂಬಿಸಿದೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ."

ಮ್ಯಾನೇಜರಿಗೆ ಮೈಯೆಲ್ಲ ಉರಿಯಿತು. "ಕಂಪ್ಯೂಟರಿಗೆ ಎಂಥ ರಾಹುಕಾಲ ರೀ! ಯಾವ ಕಾಲದಲ್ಲಿದ್ದೀರಿ ನೀವು? ಇಂಥ ಮೂಢನಂಬಿಕೆಯೆಲ್ಲ ನನ್ನ ಆಫೀಸಲ್ಲಿ ನಡೆಯಲ್ಲ. ಎಲ್ಲಾ ಅಳಿಸಿ. ಈಗಲೇ, ನನ್ನ ಕಣ್ಣೆದುರಿಗೇ."

"ಆಗಲಿ ಸರ್," ಎಂದು ಆಕೆ ಮೌಸ್ ಹಿಡಿದು, ಮೊದಲಿಗೆ ಇವತ್ತಿನ ಪಟ್ಟಿಯನ್ನೇ ಒತ್ತಿದರು. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು. ಅಳಿಸಲೇ ಎಂದು ಪರದೆ ಕೇಳಿತು.

ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು. ಹನ್ನೊಂದು ಗಂಟೆ.

"ತಡೀರಿ, ತಡೀರಿ," ಅಂದರು. "ಹನ್ನೆರಡು ಕಳೀಲಿ, ಆಮೇಲೆ ಅಳಿಸಿ."