ನಡುಮನೆಯಲ್ಲಿ ಪಾಟೀಸವಾಲು

“ಅಮ್ಮಾ, ನೀವು ಸ್ವಲ್ಪ ಹೊತ್ತು ಒಳಗಿರ್ತೀರಾ? ಸಾಕ್ಷಿ ಹೇಳೋವಾಗ ಪಕ್ಕದಲ್ಲಿ ಯಾರೂ ಇರಬಾರದು.”

ವಕೀಲ ಆಕರ್ಷ ಹೀಗೆಂದಾಗ ಸುಂದರಮ್ಮ ಅವನಿಗೇ ಕಾಫಿ ಬಗ್ಗಿಸುತ್ತಿದ್ದರು. ಅವರ ಮುಖ ಸಪ್ಪಗಾಯಿತು. ಗಂಡನ ಕಡೆ ನೋಡುತ್ತಲೇ ಅಡುಗೆಮನೆಗೆ ಹೋದರು.

ಎಂಬತ್ತು ದಾಟಿದ ಶೀನಣ್ಣ ಮೇಷ್ಟ್ರು ಮೆಟ್ಟಿಲು ಹತ್ತಲಾರರೆಂದು ಬಸವನಗುಡಿಯ ಅವರ ಮನೆಗೇ ಕೋರ್ಟು ಸಾಕ್ಷಿ ಬರೆದುಕೊಳ್ಳಲು ಒಬ್ಬ ಕಮಿಷನರನ್ನು ಕಳಿಸಿತ್ತು. ಪಕ್ಕದ ಮನೆಯ ಗೆಳೆಯ ಸಾಯುವ ಮೊದಲು ಬರೆಸಿದ ಉಯಿಲಿಗೆ ಮೇಷ್ಟ್ರು ಸಾಕ್ಷಿಯಾಗಿ ರುಜು ಹಾಕಿದ್ದರು. ಆ ಉಯಿಲೇ ಸುಳ್ಳು ಎನ್ನುವ ಆ ಗೆಳೆಯನ ಮಗನ ಪರವಾಗಿ ಬಂದವನು ಆಕರ್ಷ. ವಕೀಲಿಕೆಯ ಸನ್ನದು ಸಿಕ್ಕಮೇಲೆ ಇದೇ ಅವನ ಮೊದಲ ಪಾಟೀಸವಾಲು. ಕರಿಕೋಟಿನ ಇಸ್ತ್ರಿ ಕೂಡ ಇನ್ನೂ ಮುರಿದಿರಲಿಲ್ಲ, ಪಾಪ.

ಆದರೆ ಹುಡುಗ ಚುರುಕು. ಸಾಕ್ಷಿಯ ಬಾಯಿಗಿಂತ ಕಣ್ಣನ್ನು ಗಮನಿಸು ಎಂದು ಸೀನಿಯರ್ ಮಧುಸೂದನ್ ತಲೆಗೆ ತುಂಬಿದ್ದರು. ಗಮನಿಸಿದ್ದ. ಎದುರು ವಕೀಲರು ಏನು ಕೇಳಿದರೂ ಮೇಷ್ಟ್ರು ಮೊದಲು ಹೆಂಡತಿಯ ಮುಖ ನೋಡುತ್ತಿದ್ದರು. “ಅದೇ ರೀ, ರಾಮನವಮಿ ಮಾರನೇ ದಿನ” ಎಂದು ಆಕೆ ಲೋಟ ಎತ್ತುವ ನೆಪದಲ್ಲಿ ಬಗ್ಗಿ ಉತ್ತರ ಹೇಳಿಕೊಡುತ್ತಿದ್ದರು.

“ಸಾರ್, ನಿಮ್ಮ ಗೆಳೆಯರು ಎಲ್ಲಿ ಕೂತು ಸಹಿ ಹಾಕಿದ್ರು?”

ಮೇಷ್ಟ್ರು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

“ಈ ಕಡೆ ನೋಡಿ ಹೇಳಿ ಸಾರ್.”

“ಅದೂ... ಸುಂದರಾ...”

“ಹೋಗ್ಲಿ ಬಿಡಿ. ಆ ಗೆಳೆಯರ ಹೆಸರೇನು?”

ಮೇಷ್ಟ್ರು ಪಕ್ಕದ ಮನೆಯ ಕಡೆ ಬೆರಳು ತೋರಿಸಿ, ಮತ್ತೆ ಅಡುಗೆಮನೆಯ ಬಾಗಿಲು ನೋಡಿದರು. ಕೇಸು ಕೈಗೆ ಬಂದಾಗಿತ್ತು. ಆಕರ್ಷ ಅಲ್ಲಿಗೇ ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಗೆದ್ದ ಹುಮ್ಮಸ್ಸು ಬಿಡಬೇಕಲ್ಲ!

“ನಿಮಗೆ ಮರೆವಿನ ಕಾಯಿಲೆ ಇದೆ ಅಂದ್ರೆ ಸರೀನಾ?”

ಕಮಿಷನರ ಲ್ಯಾಪ್‌ಟಾಪಿನ ಟಕಟಕ ನಿಂತಿತು. ಒಳಗೆ ಏನೋ ಪಾತ್ರೆ ಬಿತ್ತು. ಮೇಷ್ಟ್ರು ಆಕರ್ಷನನ್ನೇ ಮಿಕಿಮಿಕಿ ನೋಡಿದರು.

“ಕಾಯಿಲೆನಾ? ನನಗಾ?”

ಎಲ್ಲರೂ ಹೊರಟಮೇಲೆ ಆಕರ್ಷ ಜಗಲಿಯಲ್ಲಿ ಶೂ ಹಾಕಿಕೊಳ್ಳುತ್ತ ತಡಮಾಡಿದ. ಸೀನಿಯರ್‌ಗೆ ಫೋನ್ ಮಾಡಿ ಬೆನ್ನು ತಟ್ಟಿಸಿಕೊಳ್ಳಬೇಕೆಂದಿದ್ದವನು ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ. ಸುಂದರಮ್ಮ ಬಾಗಿಲಿಗೆ ಬಂದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ತಪ್ಪು ತಿಳೀಬೇಡಿ ಅಮ್ಮ. ಕೇಸಿಗೋಸ್ಕರ ಕೇಳಲೇಬೇಕಾಯ್ತು” ಎಂದ. ಹಾಗೆ ಹೇಳುವಾಗಲೇ, ಆ ಕೊನೆಯ ಪ್ರಶ್ನೆ ಬೇಕೇ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು.

“ಕೇಸು ಏನಾದ್ರೂ ಆಗ್ಲಿ ಬಿಡಪ್ಪ. ಡಾಕ್ಟ್ರು ಹೇಳಿ ವರ್ಷಗಳೇ ಆದ್ವು. ಮಕ್ಕಳಿಗೆ ಗೊತ್ತು, ಕೆಲಸದವಳಿಗೂ ಗೊತ್ತು. ಅವರೊಬ್ಬರಿಗೆ ಗೊತ್ತಾಗದ ಹಾಗೆ ನೋಡ್ಕೊಂಡಿದ್ವಿ.”

ಆಕರ್ಷ ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ. ಒಳಗಿನಿಂದ ಮೇಷ್ಟ್ರ ದನಿ ಕೇಳಿತು.

“ಸುಂದರಾ, ನನಗೇನೇ ಕಾಯಿಲೆ?”

“ಏನೂ ಇಲ್ಲ, ಬಂದೆ ಇರಿ” ಎಂದು ಕೂಗಿದ ಸುಂದರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನೀವೆಲ್ಲ ಬಂದು ಹೋಗಿದ್ದೂ ಅವರಿಗೆ ಆಗ್ಲೇ ಮರೆತುಹೋಗಿದೆ ಕಣಪ್ಪ. ಇದೊಂದನ್ನ ಮಾತ್ರ ಮರೀತಾನೇ ಇಲ್ಲ.”